ಉಗ್ರಾಣದ ಬೀಗದ ಕೈ ಯಾರ ಬಳಿ ಇರಬೇಕು?

ಕಳೆದ ತಿಂಗಳು ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಾಯಿ ನನ್ನ ಬಳಿಗೆ ಬಂದು ತುಸು ಅಳುಕಿನಿಂದಲೇ ಕೇಳಿದರು: "ಮಾಷ್ಟ್ರೇ, ನಮ್ಮ ಹುಡುಗ ಟ್ಯಾಬನ್ನು ರೂಟ್ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಹಾಗೆಂದರೆ ಏನು? ಅದು ಕಳ್ಳ ಕೆಲಸವೋ, ಕಲಿಯುವ ಕೆಲಸವೋ?"

ಪ್ರಶ್ನೆ ಚಿಕ್ಕದು, ಅದರ ಹಿಂದಿನ ಆತಂಕ ಚಿಕ್ಕದಲ್ಲ. ಆ ಮನೆಯಲ್ಲಿರುವುದು ಅದೊಂದೇ ಟ್ಯಾಬ್ಲೆಟ್. ಕೋವಿಡ್ ಕಾಲದಲ್ಲಿ ಕೈಟ್ ವಿಕ್ಟರ್ಸ್‌ನ 'ಫಸ್ಟ್ ಬೆಲ್' ಪಾಠಗಳನ್ನು ನೋಡಲೆಂದು ಹೇಗೋ ಹಣ ಹೊಂದಿಸಿ ಕೊಂಡದ್ದು. ಹುಡುಗನ ತಂದೆ ಗಲ್ಫಿನಲ್ಲಿದ್ದಾರೆ. ರಾತ್ರಿ ಊಟವಾದ ಬಳಿಕ ಅವರ ಮುಖ ನೋಡಿ ಮಾತನಾಡುವುದು ಅದರಲ್ಲಿಯೇ. ತಿಂಗಳ ಹಣ ಬಂದಿತೇ ಎಂದು ಬ್ಯಾಂಕಿನ ಆ್ಯಪ್ ತೆರೆದು ನೋಡುವುದೂ ಅದರಲ್ಲಿಯೇ. ಹುಡುಗನ ಕನ್ನಡ ಮಾಧ್ಯಮದ ಪಾಠಪುಸ್ತಕಗಳ ಪಿಡಿಎಫ್ ಪ್ರತಿಗಳು ಕೂಡ ಅದರೊಳಗಿವೆ. ಈಗ ಹೊಸ ಪುಸ್ತಕವನ್ನು ಇಳಿಸಿಕೊಳ್ಳಲು ಹೋದರೆ "ಜಾಗವಿಲ್ಲ" ಎಂಬ ಸೂಚನೆ ಬರುತ್ತದೆ. ಕಂಪೆನಿಯವರೇ ತುಂಬಿಸಿ ಕೊಟ್ಟ, ಅಳಿಸಲು ಬಾರದ ಆ್ಯಪ್‌ಗಳನ್ನು ರೂಟ್ ಮಾಡಿ ಕಿತ್ತೆಸೆದರೆ ಜಾಗ ಸಿಗುತ್ತದೆ ಎಂಬುದು ಹುಡುಗನ ವಾದ.

ಅಂದು ಚಹಾದ ಲೋಟ ಹಿಡಿದುಕೊಂಡು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದೆಂದು ಪೂರ್ಣ ಉತ್ತರವನ್ನು ಈ ವಾರ ಬರೆಯುತ್ತಿದ್ದೇನೆ.

ಹಿಂದಿನ ಕೂಡುಕುಟುಂಬವನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಇಪ್ಪತ್ತು ಮಂದಿ ಇದ್ದರೂ ಉಗ್ರಾಣದ ಬೀಗದ ಕೈ ಇರುತ್ತಿದ್ದದ್ದು ಒಬ್ಬರ ಸೊಂಟದಲ್ಲಿ. ಮಿಕ್ಕವರಿಗೆ ತಮ್ಮ ತಮ್ಮ ಕೋಣೆಗಳಲ್ಲಿ ಪೂರ್ಣ ಸ್ವಾತಂತ್ರ್ಯ. ಉಗ್ರಾಣದಿಂದ ಅಕ್ಕಿಯೋ ಬೆಲ್ಲವೋ ಬೇಕಾದರೆ ಕೇಳಿ ಪಡೆಯಬೇಕು. ಕಂಪ್ಯೂಟರಿನ ಒಳಗೂ ಇಂತಹದೇ ಒಂದು ಏರ್ಪಾಡು ಇದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಆಗ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ. ಒಬ್ಬನ ಕಡತವನ್ನು ಇನ್ನೊಬ್ಬ ಕೆಡಿಸದಂತೆ ಪ್ರತಿಯೊಬ್ಬನಿಗೂ ಮಿತಿಗಳನ್ನು ಹಾಕಲಾಯಿತು. ಯಾವ ಮಿತಿಯೂ ಇಲ್ಲದ ಒಬ್ಬ ಯಜಮಾನನನ್ನು ಮಾತ್ರ ಇರಿಸಲಾಯಿತು. ಆ ಯಜಮಾನನ ಹೆಸರೇ ರೂಟ್, ಅಂದರೆ ಬೇರು. ಕಡತಗಳೆಲ್ಲ ಕೊಂಬೆ ರೆಂಬೆಗಳಾಗಿ ಹರಡಿರುವ ಮರದ ಬುಡವನ್ನು ಆಳುವವನು ಎಂದು ಅರ್ಥಮಾಡಿಕೊಂಡರೆ ಸಾಕು.

ಯೂನಿಕ್ಸ್‌ನ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದರು. ಆ ಲಿನಕ್ಸ್ ತಿರುಳಿನ ಮೇಲೆ ನಿಂತಿರುವುದೇ ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್. ಕೇರಳದ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗಂತೂ ಲಿನಕ್ಸ್ ಹೊಸದಲ್ಲ. ಐಟಿ ಪ್ರಯೋಗಾಲಯದಲ್ಲಿ ಅವರು ಕಲಿಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ ಲಿನಕ್ಸ್‌ನಲ್ಲಿ. ಹೊಸ ತಂತ್ರಾಂಶವೊಂದನ್ನು ಸೇರಿಸಬೇಕಾದಾಗ 'ಸುಡೊ' ಎಂದು ಬರೆದು ಐಟಿ ಮಾಸ್ತರರು ಗುಪ್ತಪದ ಒತ್ತುವುದನ್ನು ಮಕ್ಕಳು ನೋಡಿದ್ದಾರೆ. ಆ ಕ್ಷಣದ ಮಟ್ಟಿಗೆ ಮಾಸ್ತರರು ರೂಟ್ ಆಗಿರುತ್ತಾರೆ. ಕೆಲಸ ಮುಗಿದೊಡನೆ ಮತ್ತೆ ಸಾಮಾನ್ಯ ಬಳಕೆದಾರರಾಗುತ್ತಾರೆ. ಬೀಗದ ಕೈಯನ್ನು ಬೇಕಾದಷ್ಟೇ ಹೊತ್ತು ಹಿಡಿದು ಮತ್ತೆ ಸೊಂಟಕ್ಕೆ ಸಿಕ್ಕಿಸುವ ಈ ರೂಢಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆದರೆ ಶಾಲೆಯ ಕಂಪ್ಯೂಟರಿಗೂ ಮನೆಯ ಟ್ಯಾಬ್ಲೆಟ್ಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಂಪ್ಯೂಟರನ್ನು ಕೊಂಡವನಿಗೆ ಬೀಗದ ಕೈಯೂ ಸಿಗುತ್ತದೆ. ಟ್ಯಾಬ್ಲೆಟ್ ಕೊಂಡವನಿಗೆ ಅದು ಸಿಗುವುದಿಲ್ಲ. ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಆ್ಯಪ್ ಕೂಡ ಬೇರೆ ಬೇರೆ ಬಳಕೆದಾರನಂತೆ ತನ್ನ ತನ್ನ ಕೋಣೆಯಲ್ಲಿ ವಾಸಿಸುತ್ತದೆ. ಆಟದ ಆ್ಯಪ್‌ಗೆ ಬ್ಯಾಂಕಿನ ಆ್ಯಪ್‌ನ ಕೋಣೆಗೆ ಪ್ರವೇಶವಿಲ್ಲ. ಹಣ ಕೊಟ್ಟು ಕೊಂಡ ನಾವು ಕೂಡ ಅಲ್ಲಿ ಯಜಮಾನರಲ್ಲ, ಬಾಡಿಗೆದಾರರು. ಯಜಮಾನಿಕೆಯನ್ನು ಕಂಪೆನಿ ತನ್ನ ಬಳಿಯೇ ಇರಿಸಿಕೊಂಡಿದೆ. ಆ ಯಜಮಾನಿಕೆಯನ್ನು ನಮ್ಮ ಕೈಗೆ ತೆಗೆದುಕೊಳ್ಳುವುದಕ್ಕೆ ರೂಟ್ ಮಾಡುವುದು ಎಂದು ಹೆಸರು.

ಕಂಪೆನಿಗಳು ಹೀಗೆ ಮಾಡುವುದು ಬರಿಯ ದುರಾಸೆಯಿಂದಲ್ಲ. ಬೀಗದ ಕೈ ಇಲ್ಲದಿರುವುದರಿಂದಲೇ ನಮ್ಮ ಮನೆಯ ಹಿರಿಯರು ಅರಿಯದೆ ಯಾವುದೋ ಕೆಟ್ಟ ಕೊಂಡಿಯನ್ನು ಒತ್ತಿದರೂ ಹಾನಿ ಒಂದು ಕೋಣೆಗೆ ಸೀಮಿತವಾಗುವ ಸಾಧ್ಯತೆ ಹೆಚ್ಚು. ಜೊತೆಗೆ ಸ್ವಾರ್ಥವೂ ಇದೆ ಎಂಬುದನ್ನು ಅಲ್ಲಗಳೆಯಲಾಗದು. ನಮಗೆ ಬೇಡವಾದ ಆ್ಯಪ್‌ಗಳನ್ನು ಅಳಿಸಲು ಬಾರದಂತೆ ತುಂಬಿಸುವುದು ನಮ್ಮ ಸುರಕ್ಷತೆಗಾಗಿ ಅಲ್ಲ.

ರೂಟ್ ಮಾಡುವವರೆಲ್ಲ ಪೋಕರಿಗಳೆಂದು ತಿಳಿಯುವುದೂ ತಪ್ಪು. ಕನ್ನಡಕ್ಕಾಗಿಯೇ ನಾನೊಮ್ಮೆ ಈ ಕೆಲಸಕ್ಕೆ ಇಳಿದಿದ್ದೆ. 2011ರ ಅಕ್ಟೋಬರ್ 5ರಂದು ಕೇಂದ್ರ ಸರಕಾರ ವಿದ್ಯಾರ್ಥಿಗಳಿಗಾಗಿ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಬಿಡುಗಡೆ ಮಾಡಿದ್ದು ಹಲವರಿಗೆ ನೆನಪಿರಬಹುದು. ಏಳು ಇಂಚಿನ ಪರದೆಯ ಆ ಯಂತ್ರದಲ್ಲಿ ಇದ್ದದ್ದು ಆಂಡ್ರಾಯ್ಡ್ 2.2. ಆ ಆವೃತ್ತಿಯ ಆಂಡ್ರಾಯ್ಡಿಗೆ ಕನ್ನಡ ಲಿಪಿಯ ಪರಿಚಯವಿರಲಿಲ್ಲ. ಆ ಸುದ್ದಿಯ ಉತ್ಸಾಹದಲ್ಲಿ ನಾನೂ ಬೇರೊಂದು ಕಂಪೆನಿಯ ಏಳು ಇಂಚಿನ ಟ್ಯಾಬ್ಲೆಟ್ ಕೊಂಡು ತಂದೆ. ತರಗತಿಯಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕನ್ನಡ ವಿಕಿಪೀಡಿಯ ತೆರೆದರೆ ಪರದೆಯ ತುಂಬ ಸಾಲು ಸಾಲು ಚೌಕಗಳು! ಒಂದಕ್ಷರವೂ ಇಲ್ಲ. "ಸರ್, ಇದು ಯಾವ ಭಾಷೆ?" ಎಂದು ಒಬ್ಬ ಹುಡುಗಿ ಕೇಳಿದಳು. ತನ್ನ ರಾಜ್ಯದ ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಕನ್ನಡವನ್ನು ಹುಡುಕಿ ಹುಡುಕಿ ನೋಡಬೇಕಾದ ಮಕ್ಕಳಿಗೆ ಹೊಸ ಯಂತ್ರವೂ ಅದನ್ನೇ ಹೇಳಿದಂತಾಯಿತು.

ಪೇಟೆಯ ಮೊಬೈಲ್ ಅಂಗಡಿಯ ತರುಣನೊಬ್ಬ ದಾರಿ ತೋರಿದ. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಆಂಡ್ರಾಯ್ಡಿನ ಒಂದು ದೋಷವನ್ನು ಬಳಸಿಕೊಂಡು ಒಳನುಗ್ಗುವ ಕಿರುತಂತ್ರಾಂಶವನ್ನು ಓಡಿಸಿದ. ಬೀಗ ತೆರೆಯಿತು. ಅಕ್ಷರಶೈಲಿಗಳಿರುವ ಕಡತಕೋಶಕ್ಕೆ ಕನ್ನಡ ಫಾಂಟನ್ನು ನಕಲಿಸಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ಚೌಕಗಳು ಹೋಗಿ ಕನ್ನಡ ಮೂಡಿತು. ಆದರೆ ಎಂತಹ ಕನ್ನಡ! ಒತ್ತಕ್ಷರಗಳು ಒಂದೂ ಕೂಡಿಕೊಂಡಿರಲಿಲ್ಲ. 'ಕನ್ನಡ' ಎಂಬ ಪದವೇ 'ಕನ್‌ನಡ' ಎಂದು ಬಿಡಿಬಿಡಿಯಾಗಿ ನಿಂತಿತ್ತು.

ಕಾರಣ ಆಮೇಲೆ ತಿಳಿಯಿತು. ಫಾಂಟ್ ಎಂದರೆ ಅಕ್ಷರಗಳ ಅಚ್ಚುಮೊಳೆಗಳ ಪೆಟ್ಟಿಗೆ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಕೂಡಬೇಕು, ಅರ್ಕಾವೊತ್ತು ಎಲ್ಲಿ ನಿಲ್ಲಬೇಕು ಎಂದು ನೋಡಿ ಮೊಳೆ ಜೋಡಿಸುವವನು ಬೇರೆಯೇ ಇರಬೇಕು. ಆ ಜೋಡಣೆಯ ತಂತ್ರಾಂಶಕ್ಕೆ ಕನ್ನಡದ ನಿಯಮ ತಿಳಿದಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ವ್ಯವಸ್ಥೆ ಒದಗಿದ ಬಳಿಕವೇ ಒತ್ತಕ್ಷರಗಳು ತಮ್ಮ ಸ್ಥಾನಕ್ಕೆ ಬಂದವು. ಇಂದು ಯಾವ ಟ್ಯಾಬ್ಲೆಟ್ಟಿನಲ್ಲೂ ಕನ್ನಡಕ್ಕಾಗಿ ರೂಟ್ ಮಾಡುವ ಅಗತ್ಯವಿಲ್ಲ. ನಾನು ಕಲಿತ ಮೊದಲ ಪಾಠ ಇಷ್ಟು: ಬೀಗದ ಕೈ ಉಗ್ರಾಣವನ್ನು ತೆರೆಯುತ್ತದೆ, ಅಡುಗೆ ಮಾಡಿಕೊಡುವುದಿಲ್ಲ.

ಎರಡನೆಯ ಪಾಠಕ್ಕೆ ತೆತ್ತ ಬೆಲೆ ಹೆಚ್ಚು. 2013ರಲ್ಲಿ ಕೊಂಡ ಇನ್ನೊಂದು ಟ್ಯಾಬ್ಲೆಟ್ಟಿನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ರೂಟ್ ಮಾಡುವ ಅಗತ್ಯ ನನಗಿರಲಿಲ್ಲ, ಗೀಳು ಇತ್ತು. ಹೊಸ ಯಂತ್ರಗಳಲ್ಲಿ ದೋಷದ ಕಿಂಡಿಯಿಂದ ನುಗ್ಗುವುದಕ್ಕಿಂತ ಮುಂಬಾಗಿಲನ್ನೇ ತೆರೆಯುವ ಕ್ರಮ ಬಂದಿತ್ತು. ಯಂತ್ರ ಹೊತ್ತಿಕೊಂಡಾಗ ಮೊದಲು ಎಚ್ಚರಗೊಳ್ಳುವ ತಂತ್ರಾಂಶಕ್ಕೆ ಬೂಟ್‌ಲೋಡರ್ ಎನ್ನುತ್ತಾರೆ, ಕಾವಲುಗಾರನೆಂದು ತಿಳಿಯಿರಿ. ಅದರ ಬೀಗ ತೆಗೆಯುವ ಮುನ್ನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆಯ ನಾಲ್ಕು ಸಾಲು ಬಂತು. ಓದದೆಯೇ 'ಹೌದು' ಒತ್ತಿದೆ. ಟ್ಯಾಬ್ಲೆಟ್ಟಿನಲ್ಲಿದ್ದುದೆಲ್ಲ ಅಳಿಸಿಹೋಯಿತು.

ಅದರಲ್ಲಿ ನಮ್ಮ ಶಾಲೆಯ ಮಕ್ಕಳು ತಮ್ಮ ತಮ್ಮ ಅಜ್ಜಿಯರಿಂದ ಕೇಳಿ ಧ್ವನಿಮುದ್ರಿಸಿಕೊಂಡು ಬಂದಿದ್ದ ಹನ್ನೊಂದು ಹಾಡುಗಳಿದ್ದವು. ಬೇರೆಡೆ ಪ್ರತಿ ಇಟ್ಟಿರಲಿಲ್ಲ. ಎಂಟು ಹಾಡುಗಳನ್ನು ಮಕ್ಕಳು ಮರಳಿ ಹೋಗಿ ಮುದ್ರಿಸಿ ತಂದರು. ಮೂರು ಹಾಡುಗಳನ್ನು ಹಾಡಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮೊಮ್ಮಗಳು ನನ್ನನ್ನು ಏನೂ ಅನ್ನಲಿಲ್ಲ. "ಪರವಾಗಿಲ್ಲ ಸರ್" ಎಂದಳು. ಆ ಮಾತು ಇಂದಿಗೂ ನನಗೆ ಸಮಾಧಾನ ಕೊಟ್ಟಿಲ್ಲ.

ಬೂಟ್‌ಲೋಡರ್ ತೆರೆದಾಗ ಎಲ್ಲವೂ ಅಳಿಸಿಹೋಗುವುದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಕದ್ದೊಯ್ದವನು ಬೀಗ ತೆಗೆದು ನಮ್ಮ ಚಿತ್ರಗಳನ್ನೂ ಪತ್ರಗಳನ್ನೂ ಓದಬಾರದೆಂದು ಹಾಗೆ ಮಾಡಿದ್ದಾರೆ. ತಪ್ಪು ಯಂತ್ರದ್ದಲ್ಲ, ನನ್ನದು.

ಈಗಿನ ಟ್ಯಾಬ್ಲೆಟ್ಟುಗಳಲ್ಲಿ ರೂಟ್ ಮಾಡುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಬೂಟ್‌ಲೋಡರಿನ ಬೀಗ ತೆಗೆಯಬೇಕು. ಕೆಲವು ಕಂಪೆನಿಗಳು ಇದಕ್ಕೆ ಅವಕಾಶ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಬಳಿಕ ಅದೇ ಮಾದರಿಯ, ಅದೇ ಆವೃತ್ತಿಯ ಆರಂಭಿಕ ಕಡತವನ್ನು ಮ್ಯಾಜಿಸ್ಕ್‌ನಂತಹ ತಂತ್ರಾಂಶದಿಂದ ತಿದ್ದಿ, ಕಂಪ್ಯೂಟರಿನ ಮೂಲಕ ಯಂತ್ರಕ್ಕೆ ಮರಳಿ ಬರೆಯಬೇಕು. ಮಾದರಿಯ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಿದರೂ ಟ್ಯಾಬ್ಲೆಟ್ ಮತ್ತೆ ಏಳದೆ ಹೋಗಬಹುದು. ಅಂತಹ ಯಂತ್ರವನ್ನು ಈ ವಿದ್ಯೆ ಬಲ್ಲವರು 'ಇಟ್ಟಿಗೆಯಾಯಿತು' ಎನ್ನುತ್ತಾರೆ. ಗೋಡೆ ಕಟ್ಟಲೂ ಬಾರದ ಇಟ್ಟಿಗೆ ಅದು!

ಎಲ್ಲವೂ ಸರಿಯಾಗಿ ನಡೆದರೂ ಕೆಲವು ನಷ್ಟಗಳು ಕಟ್ಟಿಟ್ಟ ಬುತ್ತಿ. ಬೂಟ್‌ಲೋಡರ್ ತೆರೆದ ಯಂತ್ರವನ್ನು ಗೂಗಲ್‌ನ ಪರೀಕ್ಷೆ ನಂಬುವುದಿಲ್ಲ. ಆ ಪರೀಕ್ಷೆಯನ್ನು ಅವಲಂಬಿಸಿರುವ ಹಲವು ಬ್ಯಾಂಕುಗಳ ಆ್ಯಪ್‌ಗಳು ತೆರೆಯಲು ನಿರಾಕರಿಸುತ್ತವೆ. ಹಣ ಕೊಟ್ಟು ನೋಡುವ ಚಲನಚಿತ್ರಗಳ ಸ್ಪಷ್ಟತೆ ಕಡಿಮೆಯಾಗಬಹುದು. ಕಂಪೆನಿ ಕಳುಹಿಸುವ ಸುರಕ್ಷತೆಯ ಪರಿಷ್ಕರಣೆಗಳು ಎಂದಿನಂತೆ ತಾವಾಗಿ ಕೂಡಿಕೊಳ್ಳುವುದಿಲ್ಲ. ಖಾತರಿ ಅವಧಿಯಲ್ಲಿದ್ದರೆ ಅದೂ ಕೈತಪ್ಪಬಹುದು. ಸ್ಯಾಮ್‌ಸಂಗ್ ಟ್ಯಾಬ್ಲೆಟ್ಟುಗಳಲ್ಲಂತೂ ಚಿಪ್ಪಿನೊಳಗೆ ಒಂದು ಸೂಕ್ಷ್ಮ ಫ್ಯೂಸ್ ಇದೆ. ಅನಧಿಕೃತ ತಂತ್ರಾಂಶ ಬರೆದೊಡನೆ ಅದು ಸುಟ್ಟುಹೋಗುತ್ತದೆ. ಹಳೆಯ ತಂತ್ರಾಂಶವನ್ನೇ ಮರಳಿ ತುಂಬಿದರೂ ಆ ಗುರುತು ಅಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೆಂದರೆ 'ಒಂದೇ ಒತ್ತಿಗೆ ರೂಟ್' ಎಂದು ಆಸೆ ತೋರಿಸುವ ಆ್ಯಪ್‌ಗಳು. ರೂಟ್ ಮಾಡುವವನು ನುಗ್ಗುವ ಕಿಂಡಿಯಲ್ಲೇ ಕಳ್ಳನೂ ನುಗ್ಗುತ್ತಾನೆ. 2016ರಲ್ಲಿ ಬಯಲಾದ ಗೂಲಿಗನ್ ಎಂಬ ದುಷ್ಟ ತಂತ್ರಾಂಶ ಆಂಡ್ರಾಯ್ಡ್ 4 ಮತ್ತು 5ರ ಯಂತ್ರಗಳನ್ನು ಒಡೆಯನಿಗೆ ತಿಳಿಯದಂತೆ ತಾನೇ ರೂಟ್ ಮಾಡಿ, 10 ಲಕ್ಷಕ್ಕೂ ಹೆಚ್ಚು ಗೂಗಲ್ ಖಾತೆಗಳಿಗೆ ಕನ್ನ ಹಾಕಿತ್ತು. ಹವ್ಯಾಸಿಗಳು ಟ್ಯಾಬ್ಲೆಟ್ ತೆರೆಯಲು ಬಳಸುತ್ತಿದ್ದ ಅವೇ ದೋಷಗಳು ಅದಕ್ಕೂ ದಾರಿಯಾಗಿದ್ದವು. ಹೆಸರು ಕೇಳದ ಆ್ಯಪ್‌ಗೆ ರೂಟ್ ಅಧಿಕಾರ ಕೊಡುವುದೆಂದರೆ ದಾರಿಹೋಕನನ್ನು ಕರೆದು ಉಗ್ರಾಣದ ಬೀಗದ ಕೈಯನ್ನು ಅವನ ಕೈಗಿಟ್ಟಂತೆ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಕಳ್ಳ ಕೆಲಸವೇ? ಈ ಗೊಂದಲ ಅವರೊಬ್ಬರದಲ್ಲ. ಅಮೆರಿಕದಲ್ಲಿ ಇಂತಹ ವಿನಾಯಿತಿಗಳನ್ನು ನಿರ್ಧರಿಸುವ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ, ಕೊಂಡವನು ತನ್ನ ಸ್ಮಾರ್ಟ್‌ಫೋನಿನ ನಿರ್ಬಂಧಗಳನ್ನು ತೆಗೆಯಬಹುದೆಂದು ಒಪ್ಪಿತು. 2012ರಲ್ಲಿ ಟ್ಯಾಬ್ಲೆಟ್ಟಿಗೂ ಆ ವಿನಾಯಿತಿ ಬೇಕೆಂದು ಕೇಳಿದಾಗ, ಯಾವುದನ್ನು ಟ್ಯಾಬ್ಲೆಟ್ ಎನ್ನಬೇಕೆಂಬುದೇ ಸ್ಪಷ್ಟವಿಲ್ಲವೆಂದು ನಿರಾಕರಿಸಿತು. 2015ರಲ್ಲಿ ಟ್ಯಾಬ್ಲೆಟ್ಟಿಗೂ ಒಪ್ಪಿಗೆ ದೊರೆಯಿತು. ಮೂರು ವರ್ಷಗಳ ಕಾಲ ಅಲ್ಲಿ ಚಿಕ್ಕ ಪರದೆಗೆ ಒಂದು ನ್ಯಾಯ, ದೊಡ್ಡ ಪರದೆಗೆ ಇನ್ನೊಂದು ನ್ಯಾಯ ಇತ್ತು.

ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಲಾದ 65ಎ ವಿಧಿಯು ಪರರ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯನ್ನು ಭೇದಿಸುವುದನ್ನು ಅಪರಾಧವೆನ್ನುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಕಂಪ್ಯೂಟರಿನ ಒಡೆಯನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಅದರೊಳಗೆ ಪ್ರವೇಶಿಸುವುದನ್ನು ತಡೆಯುತ್ತದೆ. ಎರಡರಲ್ಲೂ ತಿರುಳು ಒಂದೇ: ವಸ್ತು ಯಾರದು, ಉದ್ದೇಶ ಏನು? ತನ್ನ ಹಣದಿಂದ ಕೊಂಡ ಟ್ಯಾಬ್ಲೆಟ್ಟನ್ನು ಕಲಿಕೆಗಾಗಿ ತೆರೆದು ನೋಡುವವನನ್ನು ಕಳ್ಳನೆನ್ನಲು ನನಗೆ ಕಾರಣ ಕಾಣುವುದಿಲ್ಲ. ಪರರ ಟ್ಯಾಬ್ಲೆಟ್ಟನ್ನು ಅವರಿಗೆ ತಿಳಿಸದೆ ತೆರೆಯುವವನ ವಿಚಾರ ಬೇರೆ.

ಈ ಕಾರಣದಿಂದಲೇ ಸರಕಾರ ಅಥವಾ ಶಾಲೆ ಕೊಟ್ಟ ಟ್ಯಾಬ್ಲೆಟ್ಟುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2022ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಿತು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಓದುಗರಿಗೆ ಇದು ತಿಳಿದ ವಿಷಯ. ಪಾಠಕ್ಕಷ್ಟೇ ಬಳಕೆಯಾಗಲೆಂದು ಇಂತಹ ಟ್ಯಾಬ್ಲೆಟ್ಟುಗಳಿಗೆ ದೂರದಿಂದಲೇ ನಿಯಂತ್ರಿಸುವ ತಂತ್ರಾಂಶವನ್ನು ಅಳವಡಿಸಿರುತ್ತಾರೆ. ಅದನ್ನು ಅಂಗಡಿಗೆ ಒಯ್ದು ಬೀಗ ತೆಗೆಸಿಕೊಡಿ ಎಂದು ಮಕ್ಕಳು ಪೀಡಿಸಿದರೆ ಪಾಲಕರು ಮಣಿಯಬಾರದು. ಅಂಗಡಿಯವನು ತುಂಬುವ ತಂತ್ರಾಂಶದೊಳಗೆ ಏನಿದೆಯೆಂದು ನಮಗಾಗಲಿ ಮಗುವಿಗಾಗಲಿ ತಿಳಿಯದು.

ಹಾಗೆಂದು ಬೀಗ ಹಾಕಿದರೆ ಮಕ್ಕಳು ಸುಮ್ಮನಿರುತ್ತಾರೆಂದು ನಂಬುವವರೂ ಮೂಢರೇ. 2012ರಲ್ಲಿ ಇಥಿಯೋಪಿಯಾದ ಎರಡು ಹಳ್ಳಿಗಳಲ್ಲಿ, ಅದುವರೆಗೆ ಶಾಲೆಯನ್ನೇ ಕಾಣದ ಮಕ್ಕಳಿಗೆ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯವರು ಟ್ಯಾಬ್ಲೆಟ್ ಕೊಟ್ಟರು. ಅದರಲ್ಲಿ ಕ್ಯಾಮೆರಾ ಕೆಲಸ ಮಾಡದಂತೆ ನಿಲ್ಲಿಸಲಾಗಿತ್ತು. ಕೆಲವೇ ತಿಂಗಳುಗಳಲ್ಲಿ ಮಕ್ಕಳು ಕ್ಯಾಮೆರಾವನ್ನು ಚಾಲೂ ಮಾಡಿಕೊಂಡಿದ್ದರೆಂದು ಯೋಜನೆಯ ಸ್ಥಾಪಕ ನಿಕೊಲಾಸ್ ನೆಗ್ರೊಪಾಂಟೆ ಹೆಮ್ಮೆಯಿಂದಲೇ ಹೇಳಿದರು. ಮರುವರ್ಷ ಲಾಸ್ ಏಂಜಲೀಸಿನ ಸರಕಾರಿ ಶಾಲೆಗಳಲ್ಲಿ ಐಪ್ಯಾಡ್ ಹಂಚಿದಾಗ ಸುಮಾರು 300 ವಿದ್ಯಾರ್ಥಿಗಳು ನಿಯಂತ್ರಣದ ಪ್ರೊಫೈಲನ್ನು ಅಳಿಸಿ ತಮಗಿಷ್ಟವಾದ ಜಾಲತಾಣಗಳಿಗೆ ಹೋದರು. ಅಲ್ಲಿ ಯಾರೂ ಹೆಮ್ಮೆಪಡಲಿಲ್ಲ; ಐಪ್ಯಾಡನ್ನು ಮನೆಗೆ ಒಯ್ಯುವುದನ್ನೇ ನಿಲ್ಲಿಸಿದರು. ಎರಡೂ ಕಡೆ ಮಕ್ಕಳಲ್ಲಿದ್ದದ್ದು ಅದೇ ಕುತೂಹಲ. ಅದನ್ನು ಹಿರಿಯರು ಹೇಗೆ ಎದುರುಗೊಂಡರು ಎಂಬುದಷ್ಟೇ ಬೇರೆ. ನಮ್ಮ ಮನೆಗಳಲ್ಲಿ ಆ ಕುತೂಹಲವನ್ನು ಗದರಿಸಿ ಅಡಗಿಸಿದರೆ ಅದು ಕದ್ದು ಮುಚ್ಚಿ ನಡೆಯುತ್ತದೆ. ಕದ್ದು ನಡೆದಾಗಲೇ ಎಚ್ಚರಿಕೆಯ ನಾಲ್ಕು ಸಾಲುಗಳನ್ನು ಓದುವ ವ್ಯವಧಾನ ಇರುವುದಿಲ್ಲ.

ಆದ್ದರಿಂದ ಆ ತಾಯಿಗೆ, "ಶನಿವಾರ ಹುಡುಗನನ್ನೂ ಟ್ಯಾಬನ್ನೂ ಕರೆದುಕೊಂಡು ಬನ್ನಿ" ಎಂದಿದ್ದೆ. ಬಂದರು. ಮೂವರೂ ಕೂತು ಮೊದಲು ಜಾಗದ ಲೆಕ್ಕ ನೋಡಿದೆವು. ಟ್ಯಾಬ್ಲೆಟ್ಟಿನ ಒಟ್ಟು ಸಾಮರ್ಥ್ಯ 16 ಜಿಬಿ. ಅದರೊಳಗೆ ಒಂದು ಗೋಡೆ ಇದೆ. ಗೋಡೆಯ ಆಚೆಗೆ ವ್ಯವಸ್ಥೆಯ ಪಾಲು, ಈಚೆಗೆ ನಮ್ಮ ಪಾಲು. ಕಂಪೆನಿ ತುಂಬಿಸಿ ಕೊಟ್ಟ ಆ್ಯಪ್‌ಗಳ ಮೂಲ ಪ್ರತಿಗಳಿರುವುದು ಆಚೆಯ ಪಾಲಿನಲ್ಲಿ. ರೂಟ್ ಮಾಡಿ ಅವುಗಳನ್ನು ಅಳಿಸಿದರೂ ತೆರವಾಗುವ ಜಾಗ ಆಚೆಗೇ ಉಳಿಯುತ್ತದೆ; ಪಾಠಪುಸ್ತಕ ಇಳಿಸುವ ಈಚೆಯ ಪಾಲಿಗೆ ಒಂದಿಷ್ಟೂ ಸೇರುವುದಿಲ್ಲ. ಇದನ್ನು ಹೇಳಿದಾಗ ಹುಡುಗನ ಮುಖ ಬಾಡಿತು. ಅವನು ನೋಡಿದ್ದ ಯಾವ ವೀಡಿಯೊದಲ್ಲೂ ಈ ಗೋಡೆಯ ವಿಚಾರವನ್ನು ಯಾರೂ ಹೇಳಿರಲಿಲ್ಲ.

ಹಾಗಾದರೆ ಈಚೆಯ ಪಾಲನ್ನು ತುಂಬಿದ್ದು ಯಾರು? ನೋಡಿದರೆ ವಾಟ್ಸ್ಆ್ಯಪ್‌ನ ಚಿತ್ರ, ವೀಡಿಯೊಗಳೇ ಸುಮಾರು 4 ಜಿಬಿ! ಮದುವೆಯ ಗುಂಪು, ಊರಿನ ಗುಂಪು, ದಿನಬೆಳಗಾದರೆ ಬರುವ ಶುಭೋದಯದ ಹೂಗಳು. ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಅದು ನನ್ನದೇ ಪಾಪ, ಮಾಷ್ಟ್ರೇ" ಎಂದರು. ತಂದೆ ಕಳುಹಿಸಿದ್ದ ಚಿತ್ರಗಳನ್ನೂ ಮನೆಯವರ ಚಿತ್ರಗಳನ್ನೂ ಮೊದಲು ಕಂಪ್ಯೂಟರಿಗೆ, ಅಲ್ಲಿಂದ ಒಂದು ಪೆನ್‌ಡ್ರೈವಿಗೆ ನಕಲಿಸಿದೆವು. ಎರಡೂ ಕಡೆ ತೆರೆದು ನೋಡಿ ಖಚಿತಪಡಿಸಿಕೊಂಡ ಬಳಿಕವೇ ಉಳಿದವನ್ನು ಅಳಿಸಿದೆವು. ಬಳಸದ ಆ್ಯಪ್‌ಗಳ ಪರಿಷ್ಕರಣೆಗಳು ಈಚೆಯ ಪಾಲಿನಲ್ಲಿ ಕೂತಿರುತ್ತವೆ. ಅವನ್ನು ತೆಗೆದು, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸಿದೆವು. ಒಂದು ಮೆಮೊರಿ ಕಾರ್ಡ್ ಹಾಕಿ ಪುಸ್ತಕಗಳನ್ನೆಲ್ಲ ಅದಕ್ಕೆ ಸಾಗಿಸಿದೆವು. ಒಂದು ಗಂಟೆಯ ಕೆಲಸ. ಬೀಗ ಮುರಿಯಬೇಕಾಗಿ ಬರಲಿಲ್ಲ. ಬ್ಯಾಂಕಿನ ಆ್ಯಪ್ ಮುನಿಯಲಿಲ್ಲ.

ಹಾಗಾದರೆ ರೂಟ್ ಮಾಡುವುದು ಎಂದಿಗೂ ಬೇಡವೇ? ಬೇಡವೆಂದು ನಾನು ಹೇಳಲಾರೆ. ಕಂಪೆನಿ ಕೈಬಿಟ್ಟ, ಪರಿಷ್ಕರಣೆ ನಿಂತುಹೋದ ಹಳೆಯ ಟ್ಯಾಬ್ಲೆಟ್ಟಿನ ಬೂಟ್‌ಲೋಡರ್ ತೆರೆದು, ಅದರ ಮಾದರಿಗೆ ಲಿನಿಯೇಜ್ ಓಎಸ್‌ನಂತಹ ಸ್ವಯಂಸೇವಕರು ಕಟ್ಟಿದ ವ್ಯವಸ್ಥೆ ಲಭ್ಯವಿದ್ದರೆ, ಅದನ್ನು ತುಂಬಿ ಇನ್ನೂ ಕೆಲವು ವರ್ಷ ಬಾಳಿಸಬಹುದು. ಕಸದ ರಾಶಿಗೆ ಹೋಗಬೇಕಾದ ಯಂತ್ರ ಮಗುವಿನ ಓದಿನ ಸಾಧನವಾಗುತ್ತದೆ. ಬೇರು ಎಂದರೇನು, ಅನುಮತಿ ಎಂದರೇನು, ಅಧಿಕಾರವಿದ್ದೂ ಅದನ್ನು ಬೇಕಾದಷ್ಟೇ ಬಳಸುವುದು ಹೇಗೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪಾಲಕರು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಈ ಟ್ಯಾಬ್ಲೆಟ್ ಯಾರದು? ರೂಟ್ ಮಾಡಿ ಸಾಧಿಸಬೇಕಾದ ಕೆಲಸ ಯಾವುದು, ಅದು ಬೇರೆ ದಾರಿಯಿಂದ ಆಗದೇ? ಇದರೊಳಗೆ ಇರುವ, ಕಳೆದರೆ ಮತ್ತೆ ಸಿಗದ ವಸ್ತು ಯಾವುದು, ಅದರ ಪ್ರತಿ ಬೇರೆಡೆ ಇದೆಯೇ? ಮೂರಕ್ಕೂ ಮಗು ನೇರವಾಗಿ ಉತ್ತರ ಕೊಟ್ಟರೆ ಅದು ಬೀಗದ ಕೈ ಹಿಡಿಯಲು ಸಿದ್ಧವಾಗಿದೆ ಎಂದೇ ಅರ್ಥ. ಉತ್ತರಿಸಲು ತಡವರಿಸಿದರೆ ಇನ್ನಷ್ಟು ದಿನ ಕಾಯಬೇಕು. ಇಂಗ್ಲಿಷಿನ ಎಚ್ಚರಿಕೆ ಅರ್ಥವಾಗದಿದ್ದರೆ, ಅದನ್ನು ಕನ್ನಡದಲ್ಲಿ ಬರೆದುಕೊಂಡು ಓದಿದ ಮೇಲೆಯೇ 'ಹೌದು' ಒತ್ತಬೇಕು. ಕನ್ನಡ ಮಾಧ್ಯಮದ ಮಗುವಿಗೆ ಇದು ಅವಮಾನವಲ್ಲ. ಇಂಗ್ಲಿಷ್ ಬಲ್ಲ ಮಾಸ್ತರನೊಬ್ಬ ಓದದೆ ಒತ್ತಿ ಏನು ಕಳೆದುಕೊಂಡನೆಂದು ಮೇಲೆ ಬರೆದಿದ್ದೇನೆ.

ಅಂದು ಹೊರಡುವಾಗ ಹುಡುಗ ಬಾಗಿಲಲ್ಲಿ ತುಸು ಹೊತ್ತು ನಿಂತ. ಜಾಗ ಸಿಕ್ಕಿತ್ತು, ಆಸೆ ತೀರಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ನನ್ನ ಕಪಾಟಿನಲ್ಲಿ ಆ 2013ರ ಟ್ಯಾಬ್ಲೆಟ್ ಇನ್ನೂ ಇದೆ. ಬ್ಯಾಟರಿ ಅರ್ಧ ಗಂಟೆ ಬಾಳದಿದ್ದರೂ ಚಾರ್ಜರ್ ಸಿಕ್ಕಿಸಿದರೆ ನಡೆಯುತ್ತದೆ. ಅದರೊಳಗೆ ಕಳೆದುಕೊಳ್ಳುವಂತಹದು ಈಗ ಏನೂ ಇಲ್ಲ. ಅದನ್ನು ತೆಗೆದು ಅವನ ಕೈಗೆ ಕೊಟ್ಟು, "ಇದರಲ್ಲಿ ಕಲಿ" ಎಂದೆ. ಅವನು ತಾಯಿಯ ಮುಖ ನೋಡಿದ.

"ಮೊದಲು ಆ ಮೂರು ಪ್ರಶ್ನೆಗಳಿಗೆ ಉತ್ತರ ಹೇಳು" ಎಂದರು ಅವರು.